ತಂದೆಯ ಕಾಲಂ

ಮಂಗಲಪೇಟೆ, ನನ್ನ ಮಾಳಿಗೆ.
ಎಣ್ಣೆ ಡಬ್ಬಿ ಹನ್ನೊಂದು, ಒಡೆದ ಬಕೆಟ್ಟು ಮೂರು,
ಹೆರಿಗೆ ವಾರ್ಡಿನವರು ಬೀಳ್ಕೊಡುವ ದಿನ ಕೊಟ್ಟ
ಸ್ಟೀಲ್ ಟಬ್ಬು ಒಂದು.
ಅದರಲ್ಲೇ ಬೆಳೆದದ್ದು ಡಬ್ಬ ಮೆಣಸಿನಕಾಯಿ,
ಖಾರ ಅಂದರೇನೆಂದು ಗೊತ್ತಿಲ್ಲದ್ದು,
ಹಸಿದೇ ಕಚ್ಚಿದರೆ ಸೌತೆಯಂತೆ ಕರಕರ.

ಗೋಡೆಯಾಚೆ ಹಲೀಮಾಬಿಯ ಲವಂಗಿ.
ಬೆರಳುದ್ದವೂ ಇಲ್ಲ, ಮುಗಿಲಿಗೇ ಮುಖ ಎತ್ತಿ ನಿಂತ ಕಾಯಿ.
"ಖಾರಿಲ್ಲದ್ದು ಯಾಕ್ ಬೆಳಿತೀರಿ ಸಿಸ್ಟರ್,
ಉಪ್ಪಿಲ್ಲದ ಕಣ್ಣೀರು ಅದು."
ನಾನು ನಕ್ಕು, ಅವಳ ಕಾಯಿ ಎರಡು ಇಸಿದುಕೊಂಡು
ಪುಂಡಿಪಲ್ಯಕ್ಕೆ ಹಾಕುವೆ.

ಮೊದಲ ವರ್ಷದ ಕಾಯಿ ಸಿಹಿ.
ಗಿಡದಲ್ಲೇ ಹಣ್ಣಾಗಿ ಕೆಂಪಾದದ್ದೊಂದನ್ನು ಸೀಳಿ
ಬೀಜ ಉದುರಿಸಿ, ನೆರಳಲ್ಲಿ ಒಣಗಿಸಿ
ಇಂಜೆಕ್ಷನ್ ಬಾಟ್ಲಿಯಲ್ಲಿಟ್ಟೆ. ಚೀಟಿ ಅಂಟಿಸಿದೆ:
ಡಬ್ಬ. ಸಿಹಿ. ಜನವರಿ.
ಎಷ್ಟು ಖಾತ್ರಿ ನನ್ನ ಕೈಬರಹಕ್ಕೆ!

ಎರಡನೇ ವರ್ಷ. ಮೊಮ್ಮಗಳು ಸಲೋಮಿ
ಕಿತ್ತುಕೊಂಡು ಕಚ್ಚಿದಳು.
ಒಂದು ಗಳಿಗೆ ಏನೂ ಇಲ್ಲ.
ಆಮೇಲೆ ಓಣಿಗೆಲ್ಲ ಕೇಳುವ ಕೂಗು.
ಬೆಲ್ಲ, ಸಕ್ಕರೆ, ಮತ್ತೆ ಬೆಲ್ಲ.
ಗೋಡೆ ಮೇಲಿಂದ ಮೊಸರಿನ ಬಟ್ಟಲು ಚಾಚಿದ್ದು ಹಲೀಮಾಬಿಯೇ.

ಬೀಜದಂಗಡಿಗೆ ಹೋದೆ, ಜಗಳಕ್ಕೆ.
ವೈಜಿನಾಥಪ್ಪ ತಕ್ಕಡಿಯಿಂದ ತಲೆಯೆತ್ತಲಿಲ್ಲ.
"ಬಿತ್ತಿದ್ದು ನನ್ನ ಪೊಟ್ಟಣದ್ದೋ, ನೀವು ತೆಗೆದಿಟ್ಟಿದ್ದೋ?"
"ನಾನು ತೆಗೆದಿಟ್ಟಿದ್ದು."
"ಹಂಗಾದ್ರ ಜೇನ್ನೊಣಕ್ಕ ಕೇಳ್ರಿ."

ಅಂಗಡಿಕಟ್ಟೆಯ ಮೇಲೆ ಕೂತಾಗ ನೆನಪಾಯಿತು
ಮೂವತ್ತೊಂದು ವರ್ಷ ನಾನು ತುಂಬಿದ ರಿಜಿಸ್ಟರು.
ತಾಯಿಯ ಹೆಸರು: ಕಣ್ಣೆದುರೇ ಮಲಗಿದ್ದಾಳೆ, ತಪ್ಪುವ ಮಾತೇ ಇಲ್ಲ.
ತಂದೆಯ ಹೆಸರು: ಹೇಳಿದ್ದನ್ನು ಬರೆದೆ.
ಕೆಲವರು ಹೇಳುವ ಮುನ್ನ ಕಿಟಕಿ ನೋಡುತ್ತಿದ್ದರು.
ಕಿಟಕಿಯಾಚೆ ಒಂದು ಬೇವಿನ ಮರ, ಅಷ್ಟೇ.
ಪೆನ್ನು ಹಿಡಿದು ಕಾಯುತ್ತಿದ್ದೆ.
ಯಾರನ್ನೂ ಎರಡು ಸಲ ಕೇಳಲಿಲ್ಲ.

ಕಾಯಿ ತಾಯಿಯದ್ದು: ಸಿಪ್ಪೆ, ತಿರುಳು, ಆ ವರ್ಷದ ಸಿಹಿ, ಎಲ್ಲ.
ಬೀಜವೊಂದೇ ಇಬ್ಬರದ್ದು.
ಅದು ಬಾಯಿ ಬಿಡಲು ಮತ್ತೊಂದು ಮಳೆಗಾಲ ಬೇಕು.

ಹಳೆಯ ಪೊಟ್ಟಣದ ತಳದಲ್ಲಿ ಉಳಿದವು ಏಳು.
ನಾಲ್ಕು ಮೊಳೆತವು.
ಈ ಸಲ ಅರಳುವ ಹಿಂದಿನ ಸಂಜೆಯೇ
ಬಿಳಿ ಮೊಗ್ಗಿಗೆ ಬ್ಯಾಂಡೇಜು ಬಟ್ಟೆಯ ಚೀಲ, ಎರಡು ಪದರ,
ಇರುವೆ ನುಗ್ಗದಂತೆ ಬಾಯಿಗೆ ಹತ್ತಿ, ಸಡಿಲ ಗಂಟು.
ಬೆಳಿಗ್ಗೆ ಬಿಸಿಲೇರುವಾಗ ಬೆರಳಿಂದ ತಟ್ಟುವೆ,
ಅಳದ ಕೂಸಿನ ಅಂಗಾಲು ತಟ್ಟಿದ ಹಾಗೆ.
ತನ್ನ ಪರಾಗ ತನ್ನ ಮೇಲೇ ಬೀಳಲಿ.
ಕಾಯಿ ಕಟ್ಟಿದ ಮೇಲೆ ಚೀಲ ಬಿಚ್ಚಿ
ತೊಟ್ಟಿಗೆ ಕೆಂಪು ದಾರ. ಅದಲುಬದಲಾಗಬಾರದು.
ಕೈಗೆ ಇದು ಹಳೆಯ ಕೆಲಸ.

ಹಲೀಮಾಬಿ ಬಂದು ನೋಡಿ,
"ಹೂವಿಗೂ ಗೋಷಾ ಹಾಕಿದ್ರಿ?" ಅಂದು
ತನ್ನ ಸೆರಗಲ್ಲೇ ಬಾಯಿ ಮುಚ್ಚಿ ನಕ್ಕಳು, ಕೆಮ್ಮು ಬರುವ ತನಕ.

ಮೂಲೆಯಲ್ಲಿ ಆ ಇನ್ನೊಂದು ಗಿಡ ಇನ್ನೂ ಇದೆ,
ಸಲೋಮಿಯನ್ನು ಅಳಿಸಿದ್ದು. ಕೀಳಬೇಕೆಂದೇ ಇದ್ದೆ.
ಹೆಗಲು ಡಬ್ಬದ್ದು, ಮೂತಿ ಲವಂಗಿಯದ್ದು,
ಮೇಲಕ್ಕೂ ಅಲ್ಲ ಕೆಳಕ್ಕೂ ಅಲ್ಲ, ಅಡ್ಡಕ್ಕೆ ಚಾಚಿದ ಕಾಯಿ.
ಹಲೀಮಾಬಿ ಒಂದು ಬುಟ್ಟಿ ಒಯ್ದು ಬಜ್ಜಿ ಕರಿದಳು.
ಓಣಿಯ ಹುಡುಗರು ಮೂಗು ಸುರಿಸುತ್ತ ಮತ್ತೆ ಮತ್ತೆ ಕೇಳಿದರು.
"ಇದರ ಬೀಜ ನನಗ ಬೇಕು."
"ಹಿಂಗೇ ಬರ್ತಾವಂತ ಹೇಳಾಕಾಗಲ್ಲ," ಎಂದೆ,
"ಹತ್ತು ಬೀಜಕ್ಕ ಹತ್ತು ಮುಖ."
"ಬರಲಿ ಬಿಡ್ರಿ. ನನ್ನ ಮನಿಯಾಗ ಎಲ್ಲಾ ಹಂಗೇ ಅವ."

ರಾತ್ರಿ ಬಾಟ್ಲಿ ತೊಳೆದು ಒಣಗಿಸಿ ಬೀಜ ತುಂಬಿ
ಚೀಟಿ ಬರೆಯಲು ಕೂತೆ.
ತಾಯಿ: ಡಬ್ಬ, ಸ್ಟೀಲ್ ಟಬ್ಬಿನದು.
ತಂದೆ:
ಪೆನ್ನು ನಿಂತಿತು.
ಈಗ ಕಿಟಕಿ ನೋಡಿದ್ದು ನಾನು.