ನಾಯಿಯ ಹೆಜ್ಜೆಯ ಹತ್ತಿರ

ಒಲೆ ಕಟ್ಟಿದವನು ನಾನೇ.
ಅಲೆಂತೇಜುವಿನ ಈ ಬೋಳು ದಿಣ್ಣೆಯ ಮೇಲೆ,
ಹಿತ್ತಲ ನಿಂಬೆಗಿಡಕ್ಕೆ ಹೊಗೆ ತಾಗದಷ್ಟು ದೂರದಲ್ಲಿ,
ಮುಚ್ಚಿಹೋದ ಭಟ್ಟಿಯಿಂದ ಕತ್ತೆಗಾಡಿಯಲ್ಲಿ ತಂದ
ನಾನೂರ ಹನ್ನೆರಡು ಇಟ್ಟಿಗೆ.
ಗುಮ್ಮಟ ಕೂಡುವ ಕೊನೆಯದನ್ನು ಬಡಿದು ಕೂರಿಸಿ
ಕೈ ತೊಳೆದುಕೊಂಡೆ.
ಆಮೇಲಿನ ಮೂವತ್ತೊಂದು ವರ್ಷ
ಬಿಸಿ ಬ್ರೆಡ್ಡು ಮುರಿಯುವುದಷ್ಟೇ ನನ್ನ ಕೆಲಸ.

ಈಗ ಇದಲೀನಾಳ ಬೆರಳುಗಳು
ಹಳೆ ದ್ರಾಕ್ಷಿಬಳ್ಳಿಯ ಕಾಂಡದ ಹಾಗೆ ತಿರುಚಿಕೊಂಡಿವೆ.
ಬಟ್ಟಲು ಹಿಡಿಯವು, ಗುಂಡಿ ಹಾಕವು.
ನಾಲಿಗೆಗೆ ಮಾತ್ರ ಸಂಧಿವಾತ ಬಂದಿಲ್ಲ.
ಹುಲ್ಲು ಹೆಣೆದ ಕುರ್ಚಿ ಹೊರಗೆ ಹಾಕಿಸಿಕೊಂಡು
ಶನಿವಾರ ಬೆಳಗ್ಗೆ ನನ್ನನ್ನು ಆಳುತ್ತಾಳೆ:

"ನೀರು ಸಾಕು, ಫಿರ್ಮೀನು. ಗಾರೆ ಕಲಸುತ್ತಿಲ್ಲ ನೀನು.
ಅಂಗೈಯಲ್ಲಿ ಒತ್ತು, ಮಡಿಸು, ತಿರುಗಿಸು.
ಮುಂದಿನ ವಾರಕ್ಕೆ ಹೆಪ್ಪು ಎತ್ತಿಟ್ಟೆಯಾ?
ಮರೆತರೆ, ನನ್ನಜ್ಜಿಯಿಂದ ಬಂದದ್ದು
ನಿನ್ನ ಹೊಟ್ಟೆಯಲ್ಲೇ ಮುಗಿದುಹೋಯಿತು ಅನ್ನು."

ನಾದಿದ ಹಿಟ್ಟಿನ ಮೇಲೆ ಕೈಯಂಚಿನಿಂದ ಶಿಲುಬೆ ಗೀರಿ
ದೇವರು ನಿನ್ನನ್ನು ಹೆಚ್ಚಿಸಲಿ ಅನ್ನಬೇಕು.
ನಾನು ಇಗರ್ಜಿಗೆ ಹೋದದ್ದು ಸೂರಿನ ರಿಪೇರಿಗೆ ಮಾತ್ರ.
ಆದರೂ ಅಂದೆ. ಗಟ್ಟಿಯಾಗಿ ಅನ್ನು ಅಂದಳು,
ಹಿಟ್ಟಿಗೆ ಕಿವಿ ಮಂದ.

ಕಾರ್ಕ್ ಮರದ ಸವರಿದ ಕೊಂಬೆ, ಆಲಿವ್ ಬೊಡ್ಡೆ,
ದಿಣ್ಣೆಯಾಚೆಯ ಅಂಟುಪೊದೆಯ ಒಂದು ಕಟ್ಟು.
ಹಚ್ಚಿದೊಡನೆ ಚಟಚಟ, ಬಾಗಿಲಾಚೆಗೂ ಉರಿ.
ಒಳಚಾವಣಿ ಮೊದಲು ಕಪ್ಪಾಯಿತು.
ಹಾಳಾಯಿತು, ಎಂದೆ.
"ಸುಮ್ಮನಿರು. ಕಪ್ಪು ಬೆಳ್ಳಗಾಗುವವರೆಗೆ
ಯಾರೂ ಏನೂ ಮಾಡುವಂತಿಲ್ಲ."
ಎರಡು ಗಂಟೆ. ಅವಳು ಕಣ್ಣು ಮುಚ್ಚಿಯೇ ಇದ್ದಳು.
ಇಟ್ಟಿಗೆಗಳು ಒಂದೊಂದೇ ಮಸಿ ಕಳಚಿಕೊಂಡು
ಉಜ್ಜಿದ ಹಲ್ಲಿನ ಹಾಗೆ ಕಂಡವು.

ಕೆಂಡ ಹೊರಗೆಳೆದೆ,
ಒದ್ದೆ ಗೋಣಿ ಕಟ್ಟಿದ ಕೋಲಿನಿಂದ ನೆಲ ಒರೆಸಿದೆ,
ಹಬೆ ಮುಖಕ್ಕೆ ಬಡಿಯಿತು.
ಹಿಡಿ ಹಿಟ್ಟು ಎಸೆದು ನೋಡು ಅಂದಳು.
ಉರಿದು ಕಪ್ಪಾದರೆ ಅವಸರ, ಬಿಳಿಯಾಗೇ ಉಳಿದರೆ ಸೋಲು,
ಹುರಿಗಡಲೆಯ ಬಣ್ಣಕ್ಕೆ ಬಂದರೆ ಸರಿ.

ಐದು ಉಂಡೆ ಮರದ ಸಲಿಕೆಯೇರಿ ಒಳಗೆ ಹೋದವು.
ಆರನೆಯದು ಚಿಕ್ಕದು, ಉಳಿದ ಹಿಟ್ಟಿನದು.
"ಅದನ್ನು ನಾಯಿಯ ಹೆಜ್ಜೆಯ ಹತ್ತಿರ ಇಡು."
ಯಾವ ನಾಯಿ?
"ಎಡಕ್ಕೆ, ಹಿಂದೆ, ಮೂರನೆಯ ಸಾಲು.
ಅಲ್ಲಿ ಕಾವು ಮೆತ್ತಗೆ. ಚಿಕ್ಕದು ಸೀಯುವುದಿಲ್ಲ."

ಟಾರ್ಚ್ ತಂದು ಬಗ್ಗಿದೆ.
ಹುಬ್ಬಿನ ಕೂದಲು ಸೀದು ನಾತ ಹೊಡೆಯಿತು.
ಅಲ್ಲಿತ್ತು: ನಾಲ್ಕು ಬೆರಳು, ಒಂದು ಅಂಗಾಲು.
ಹಸಿ ಇಟ್ಟಿಗೆ ಬಿಸಿಲಿಗೆ ಹರಡಿದ್ದ ಯಾವುದೋ ಮಧ್ಯಾಹ್ನ
ಭಟ್ಟಿಯ ಅಂಗಳ ದಾಟಿದ ಯಾವುದೋ ಬೀಡಾಡಿ.
ನೆನಪಾಯಿತು.
ಊನದ ಇಟ್ಟಿಗೆ. ಎಸೆಯಲು ಮನಸ್ಸು ಬಾರದೆ,
ಯಾರ ಕಣ್ಣಿಗೂ ಬೀಳದಿರಲೆಂದು
ಮುಖ ಒಳಗೆ ಮಾಡಿ ಕೂರಿಸಿದ್ದೆ.
ಮೇಸ್ತ್ರಿಯ ಮಾನದ ಪ್ರಶ್ನೆ.

ಯಾರ ಕಣ್ಣಿಗೂ!
ಮೂವತ್ತೊಂದು ವರ್ಷ, ವಾರಕ್ಕೊಮ್ಮೆ,
ಒಬ್ಬಳು ಅದರ ಕಡೆಗೇ ಬಗ್ಗಿದ್ದಾಳೆ,
ನಾನು ಮನೆಯೊಳಗೆ ಗೊರಕೆ ಹೊಡೆಯುವಾಗ.

"ಹೇಳಲೇ ಇಲ್ಲವಲ್ಲ ನೀನು," ಎಂದೆ.
"ನೀನು ಕೇಳಲಿಲ್ಲ.
ಬಾಗಿಲು ಮುಚ್ಚು, ಕಾವು ಹೋಗುತ್ತೆ."

ಗಂಟೆಯ ಮೇಲೆ ತೆಗೆದಾಗ
ಎರಡರ ತಳ ಕರಿಕಲು. ಅವು ಗುವಲ್ದೀನುವಿನ ಹಂದಿಗೆ.
ಒಂದು ಬಿರಿದು ಪಕ್ಕಕ್ಕೆ ವಾಲಿತ್ತು, ಕುಡುಕನ ಟೋಪಿಯಂತೆ.
ಚಿಕ್ಕದನ್ನು ಬಟ್ಟೆಯಲ್ಲಿ ಸುತ್ತಿ ಅವಳ ಮಡಿಲಿಗಿಟ್ಟೆ.
ಊದಿದ ಗೆಣ್ಣಿನಿಂದ ತಳ ತಟ್ಟಿದಳು.
ಎರಡು ಮಣಿಕಟ್ಟಿನ ನಡುವೆ ಎತ್ತಿ
ಕಿವಿಗೆ ಹಿಡಿದಳು.
ಬಹಳ ಹೊತ್ತು.
ಸಿಪ್ಪೆ ಚಿಟಿಚಿಟಿ ಅನ್ನುವುದು ನನಗೂ ಕೇಳುತ್ತಿತ್ತು.

ಏನಂತೆ?

"ಕಟ್ಟಿಗೆ ಎರಡು ತುಂಡು ಜಾಸ್ತಿಯಾಯಿತಂತೆ.
ಎಣ್ಣೆ ತಾ."