ಡಂಕಣ್ಣನ ಬತ್ತಿ

ಬೇಕಲ ಕೋಟೆಯ ಬುರುಜಿನಲ್ಲಿ
ಬಾವುಟ ಬದಲಾಗಿ ಹತ್ತು ಹನ್ನೆರಡು ವರ್ಷ.
ಕೋಟೆ ಕಾದ ನಮ್ಮವರ ಕತ್ತಿಗಳು ಆಗಲೇ
ಹಲಸಿನಕಾಯಿ ಸೀಳುವುದನ್ನು ಕಲಿತಿದ್ದವು.

ಆಗ ಬಂದವನು ಅವನು,
ಕುಂಪಣಿಯ ಸರಪಳಿ ಹಿಡಿದು ನೆಲ ಅಳೆಯಲು.
ಡಂಕನ್ ಅನ್ನಲು ನಾಲಿಗೆ ತಿರುಗದೆ
ಡಂಕಣ್ಣ ಎಂದರು.
ಕರೆದರೆ ಓಗೊಟ್ಟ. ಹೆಸರಿಗೆ ಅಷ್ಟು ಸಾಕಲ್ಲ.

ಸರಪಳಿಯ ಇನ್ನೊಂದು ತುದಿಗೆ ಬೊಮ್ಮನಾಯ್ಕ,
ನನ್ನಜ್ಜಿಯ ಅಜ್ಜಿಯ ಅಜ್ಜ.
ಅವನ ತಾಯಿ ತಿರುಮಲಕ್ಕನಿಗೆ
ಅಳೆಯುವವರೆಂದರೆ ಕಣ್ಣಿಗಾಗದು:
“ಹಿಂದೆಯೂ ಒಬ್ಬ ಬಂದಿದ್ದ, ಗಿಡ್ಡ, ಕೊಡೆ ಹಿಡಿದು.
ಮೂರೇ ಹೆಜ್ಜೆ ಅಂದ.
ಕೊಟ್ಟವನು ಈಗ ಎಲ್ಲಿದ್ದಾನೆ, ಹೇಳು ಮಗನೇ?”

ಕೊಟ್ಟವನು ಎಲ್ಲೇ ಇರಲಿ
ವರ್ಷಕ್ಕೊಮ್ಮೆ ಮೇಲೆ ಬರುತ್ತಾನೆ.
ಅಂಗಳದಲ್ಲಿ ಹಾಲೆಯ ಕೊಂಬೆ ನೆಟ್ಟು
ಕವಲು ಕವಲಿಗೂ ಚಿಪ್ಪು ಸಿಕ್ಕಿಸಿ
ಎಣ್ಣೆಬತ್ತಿಯಿಟ್ಟು ಕೂಗುತ್ತೇವೆ.
ಬಾಗಿಲು ತೆರೆಯುವುದು ಬಲಿಗೆ. ನುಸುಳುವವರು
ಒಬ್ಬರೇ ಇಬ್ಬರೇ.
ಹಾಲೆಹೂವಿನ ವಾಸನೆ ಮೂಗಿಗೆ ಗಟ್ಟಿಯಾಗುವ ರಾತ್ರಿ
ಯಾರನ್ನೂ ಹೆಸರು ಹಿಡಿದು ಕರೆಯಬಾರದು.

ಆ ವರ್ಷ ನಮ್ಮ ಅಮಾವಾಸ್ಯೆಗೂ
ಅವರ ಪಂಚಾಂಗದ ಯಾವುದೋ ರಾತ್ರಿಗೂ ಗಂಟುಬಿದ್ದು
ಡಂಕಣ್ಣ ಕತ್ತಲಲ್ಲಿ ನಡೆದು ಬಂದ.
ಕಂಕುಳಲ್ಲಿ ಬೂದುಗುಂಬಳ.
ಅದಕ್ಕೆ ಎರಡು ಕಣ್ಣು, ಹಲ್ಲು ಕಿರಿದ ಬಾಯಿ,
ಹೊಟ್ಟೆಯೊಳಗೆ ದೀಪ.
ಮಕ್ಕಳು ಕಿಟಾರನೆ ಕಿರುಚಿ ಕೊಟ್ಟಿಗೆಗೆ.

“ನಮ್ಮ ಊರು ಸಹ ಇವತ್ತು” ಅಂದ,
ಅರೆ ಕನ್ನಡ ಅರೆ ತುಳು.
“ಸತ್ತವರು ಮನೆಗೆ. ಅಲ್ಲಿ ಗೆಡ್ಡೆ ಕೊರೆಯುವುದು.
ಇಲ್ಲಿ ಆ ಗೆಡ್ಡೆ ಇಲ್ಲ.”

“ಕುಂಕುಮವಿಲ್ಲದೆ ಕುಂಬಳ ಒಡೆದೆಯಾ, ಮಾರಾಯ!”
ತಿರುಮಲಕ್ಕ ದಡಬಡ ಒಳಹೋಗಿ
ಭರಣಿಯೊಂದಿಗೆ ಬಂದು
ಆ ಪರದೇಶಿ ಹಣೆಗೆ ಬೆರಳಗಲ ಬೊಟ್ಟಿಟ್ಟಳು.
ಈಗ ಅದು ನೋಡಿದ ಮುಖವೇ ಆಯಿತು.
ಮಕ್ಕಳು ಒಬ್ಬೊಬ್ಬರೇ ಇಣುಕಿದರು.

ಆಮೇಲೆ ಅವನು ಒಲೆಯ ಬಳಿ ಕುಕ್ಕರುಗಾಲಲ್ಲಿ ಕೂತು
ಜೇಬಿನಿಂದ ಎರಡು ಗೇರುಬೀಜ ತೆಗೆದ.
ಒಂದು ತಾನಂತೆ. ಇನ್ನೊಂದು ಎಲ್ಸ್‌ಪೆತ್.
ಪಕ್ಕಪಕ್ಕ ಸುಮ್ಮನೆ ಉರಿದರೆ ಮದುವೆ.
ಒಂದು ಹಾರಿದರೆ ಇಲ್ಲ.
ಅವನ ಊರಿನ ಬೀಜ ಬೇರೆ, ಸಾಧು ಬೀಜವಿರಬೇಕು.
ಗೇರುಬೀಜ ಕೆಂಡಕ್ಕೆ ಬಿದ್ದರೆ ಏನಾಗುತ್ತದೆಂದು
ನಮ್ಮಲ್ಲಿ ನಡೆಯಲು ಬಾರದ ಕೂಸಿಗೂ ಗೊತ್ತು.
ಯಾರೂ ಹೇಳಲಿಲ್ಲ.

ಚಟ್. ಚಟಾರ್.
ಎಣ್ಣೆ ಕಾರಿ, ಬೆಂಕಿ ಉಗುಳಿ
ಒಂದು ಮಾಡಿಗೆ ಬಡಿಯಿತು, ಇನ್ನೊಂದು
ಅವನ ಹುಬ್ಬು ಸುಟ್ಟು ಕತ್ತಲೆಗೆ ಹೋಯಿತು.
ಹುಡುಗರು ಹೊಟ್ಟೆ ಹಿಡಿದು ನಕ್ಕರು, ಅವನೂ ನಕ್ಕ.
ಹುಡುಗರ ನಗು ಮುಗಿಯುವ ಮೊದಲೇ
ಅವನದು ಮುಗಿದಿತ್ತು.

“ಕಾಗದ ಬಂದು ಎಷ್ಟಾಯಿತು?”
“ಎರಡು ಮಳೆಗಾಲ.”

ತಿರುಮಲಕ್ಕ ಸೀರೆಯ ಜೀರ್ಣದ ಅಂಚು ಹರಿದು
ತೊಡೆಯ ಮೇಲೆ ಹೊಸೆದಳು.
“ಹೆಸರು ಇನ್ನೊಮ್ಮೆ ಹೇಳು.”
ಕರೆಯಬಾರದ ರಾತ್ರಿ ಅವಳೇ ಕರೆದಳು, ಎಲಿಸವ್ವಾ ಎಂದು,
ಕೆಳಗಿನ ಕವಲಿಗೆ ಬತ್ತಿಯಿಟ್ಟು:
“ಇದ್ದರೆ ಬೆಳಕಾಗಲಿ,
ಇಲ್ಲದಿದ್ದರೆ ದಾರಿಯಾಗಲಿ.”

ಮೂರನೆಯ ರಾತ್ರಿ ಬಲಿಯನ್ನು ಕಳಿಸುವಾಗ
ಬರುವ ವರ್ಷ ಬೇಗ ಬಾ ಎಂದು
ಎಲ್ಲರಿಗಿಂತ ಗಟ್ಟಿಯಾಗಿ, ತಪ್ಪುತಪ್ಪಾಗಿ
ಕೂಗಿದವನು ಡಂಕಣ್ಣ.

ಮದರಾಸಿಗೆ ಹೋದನೆಂದು ಕೆಲವರು.
ಚಂದ್ರಗಿರಿ ದಾಟುವ ಮೊದಲೇ ಜ್ವರ ಬಂತೆಂದು ನನ್ನ ಚಿಕ್ಕಮ್ಮ;
ಅವಳ ಕತೆಯಲ್ಲಿ ಎಲ್ಲರೂ ಜ್ವರದಲ್ಲೇ ಸಾಯುತ್ತಾರೆ.
ಉಳಿದದ್ದು ಕಡತ. ಅದರಲ್ಲಿ
ನಮ್ಮ ಬೈಲುಗದ್ದೆ ಅರ್ಧ ಸರಪಳಿ ಕಡಿಮೆ,
ಹಾಗಾಗಿ ತೀರ್ವೆಯೂ.
ಲೆಕ್ಕ ತಪ್ಪಿದನೋ, ಕೊಟ್ಟು ಹೋದನೋ
ಅಜ್ಜಿ ಬಾಯಿಬಿಡುತ್ತಿರಲಿಲ್ಲ.

ಮೊನ್ನೆ ಹೊಸ ಸೊಸೆ ಕೇಳಿದಳು,
ಕೆಳಗಿನ ಕವಲಿಗೆ ಒಂದು ಬತ್ತಿ ಹೆಚ್ಚು ಯಾಕೆ, ಯಾರಿಗೆ?
ಹಚ್ಚು ಮಗಾ, ಆಮೇಲೆ ಹೇಳುತ್ತೇನೆ ಅಂದೆ.
ಮಕ್ಕಳ ಜೇಬು ಒಮ್ಮೆ ನೋಡು,
ಗೇರುಬೀಜ ಇದ್ದೀತು.