ಕಾಯೋ ಕೂಲಿ

ವಾಸ್ಕೊ ಸ್ಟೇಷನ್ನಿನ ಎದುರಿಗೆ, ಚಹಾದಂಗಡಿ ಬಗಲಿಗೆ
ನಂದೊಂದು ಕಟ್ಟಿಗಿ ಡಬ್ಬಿ.
ದಾರಕ್ಕ ಕ್ಲಿಪ್ ಹಾಕಿ ಟಿಕೀಟು ತೂಗಬಿಡತೀನಿ;
ಬಂದರದ ಗಾಳಿಗೆ ಲಕ್ಷಗಳು ಪಟಪಟ ಅಂತಾವ,
ಸೊನ್ನಿ ಮ್ಯಾಲೆ ಕಲ್ಲಿದ್ದಲ ಧೂಳ ಕುಂದರತೈತಿ.

ಪಾಯ್ಲೆಟ್ ಫಕೀರೇಶ, ಹಳದಿ ಮಡ್‌ಗಾರ್ಡಿನ ಬೈಕಿನಾಂವ,
ಶುಕ್ರವಾರದ್ದೊಂದು ತಪ್ಪಸತಿರಲಿಲ್ಲ.
ಕಡೀ ಅಂಕಿ ಏಳಽ ಬೇಕು, ಯಾಕಂತ ಹೇಳತಿರಲಿಲ್ಲ.
ಈಗ ಬರೋದು ಚಿಲ್ಲರಕ್ಕ ಅಷ್ಟ.

‘ಅಕ್ಕಾ, ಟೋಕನ್ ಇಟ್ಟೀನಿ, ಸ್ಟೇಕಿಂಗು.
ಇಟ್ಟದ್ದು ಇಟ್ಟಂಗಽ ಇರತೈತಿ.
ಎಲ್ಲಾರ ಬಡ್ಡೀನೂ ಒಂದಽ ಕೊಡದಾಗ ಸುರುವಿ
ರಾತ್ರಿ ಒಂಬತ್ತಕ್ಕ ಒಂದು ಹೆಸರು ಎತ್ತತಾರ.
ತಗೀಲಾರದ ಎಷ್ಟು ದಿನ ಬಿಡತೀನೋ ಅಷ್ಟು ಚೀಟಿ ನಂದು.
ಸೋಲು ಅನ್ನೋದಽ ಇಲ್ಲ.’

ಸೋಲಽ ಇಲ್ಲದ ಲಾಟರಿ!
ಇಪ್ಪತ್ತೆರಡು ವರ್ಷ ಮಾರೀನಿ,
ಈ ಒಂದು ಮಾತು ನನಗ ಹೊಳದಿದ್ರ
ಮಂಗೋರ್ ಹಿಲ್ ಮ್ಯಾಲೆ ಮನಿ ಕಟ್ಟತಿದ್ದೆ.

ಶ್ರಾವಣದಾಗ ಬೈಕಿನ ಕ್ಲಚ್ ಸುಟ್ಟು ಹೋತು.
ಟೋಕನ್ನಿನ ಧಾರಣಿ ಅರ್ಧಕ್ಕ ಇಳದಿತ್ತು.
ತಗದುಬಿಡೋ ಮಾರಾಯ, ಅಂದೆ.
‘ತಗದ್ರ ಇನ್ನೂರಾ ಹನ್ನೊಂದು ದಿನದ ಚೀಟಿ
ಸೊನ್ನಿ ಆಗತಾವ ಅಕ್ಕ’ ಅಂತ
ನನ್ನ ಕಡೆ ಮೂರು ಸಾವಿರ ಕೈಗಡ ಒಯ್ದ.

ಮತ್ತೊಂದು ದಿನ ತಾನಽ ಬ್ಯಾಸತ್ತು
ತಗೀತೀನಿ ಅಂತ ಬಟನ್ ಮ್ಯಾಲೆ ಬಟ್ಟಿಟ್ಟಿದ್ದನಂತ.
ಅವತ್ತಽ ರಾತ್ರಿ ಫೋನು ಕುಣೀತು:
ಸಣ್ಣ ಬಹುಮಾನ, ಎರಡು ಚಹಾದಷ್ಟು.
ಮಾರನೇ ದಿನ ನನಗೂ ಒಂದು ಕುಡಿಸಿದ.
ಎದ್ದು ಹೋಗಾಂವನ ಚಪ್ಪಲಿ ಸಪ್ಪಳ
ಅವರಿಗೆ ಅಷ್ಟು ದೂರಿಂದ ಹೆಂಗ ಕೇಳಿಸಿತೋ!

ನಾನೇನು ಸಾಚಾ ಅಲ್ಲ.
ಹಡಗಿನ ಕಾರ್ಖಾನಿ ರೆಮೆಜಿಯೊ ಬಾಬಗ
‘ಒಂದಽ ಅಂಕಿ ತಪ್ತು ನೋಡ್ರಿ, ಮುಂದಿನ ವಾರ’ ಅಂತ
ಎಷ್ಟು ವಾರ ದಾಟಿಸೀನಿ.
ಆದ್ರ ಆಂವ ಟಿಕೀಟು ಹರದು ನನ್ನೆದುರಿಗೇ ಒಗೀತಿದ್ದ,
ಒಂದು ಬೈಗುಳ ಬೈದು, ಹಗುರಾಗಿ ಮನೀಗೆ ಹೋಗತಿದ್ದ.
ಫಕೀರೇಶಗ ಹರಿಯಾಕ ಏನೈತಿ?

ಒಂಬತ್ತಾಗಾಕ ಬಂತು.
ಹರದ ಚೂರು ಗುಡಸಾಕ ಬಾರಿಗಿ ತಗೊಂಡೆ.
ಡಬ್ಬಿ ಮುಂದಽ ನಿಂತಿದ್ದ, ಮಾರಿ ಮ್ಯಾಲೆ ನೀಲಿ ಬೆಳಕು.
ಕಾಲು ಎತ್ತೋ, ಅಂದೆ.
ಎತ್ತಿದ.
ಕಣ್ಣು ಎತ್ತಲಿಲ್ಲ.